ತೂಬಿನ ಕೆಂಚವ್ವ ಕಂಪೈಲರಿಗೆ ಬಾಯಿ ಕೊಟ್ಟದ್ದು

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ತೊರೆನಾಡು ಅಂತ ಒಂದು ರಾಜ್ಯ ಇತ್ತು. ಅಲ್ಲೊಂದು ದೊಡ್ಡ ಕೆರೆ. ಕೆರೆಯ ತೂಬು ತೆರೆಯೋದು, ಮುಚ್ಚೋದು ಎಲ್ಲ ಕಂಪ್ಯೂಟರ್ ಕೆಲಸ. ಅದಕ್ಕೆ ಪ್ರೋಗ್ರಾಂ ಬರೆಯುವವಳು ಕೆಂಚವ್ವ.

ಬರೆದದ್ದನ್ನು ಮೊದಲು ಕಂಪ್ಯೂಟರಿನೊಳಗಿನ ಕಂಪೈಲರ್ ಅನ್ನೋ ಇನ್ನೊಂದು ಪ್ರೋಗ್ರಾಂ ಪರೀಕ್ಷೆ ಮಾಡ್ತಿತ್ತು. ಅಂಕಿ ಬೇಕಾದ ಕಡೆ ಹೆಸರು ಬರೆದರೆ ತಡೀತಿತ್ತು. ತಡೆಯೋದು ಒಳ್ಳೇದೇ. ಆದರೆ ಅದು ಹೇಳ್ತಿದ್ದದ್ದೇನು? "ಬಗೆ ಕೂಡಲಿಲ್ಲ. ನಿಯಮ ನಲವತ್ತೊಂದು." ಅಷ್ಟೇ! ಎಲ್ಲಿ, ಏನು, ಯಾಕೆ, ಒಂದೂ ಇಲ್ಲ. ಆ ಮಾತಿನ ಅರ್ಥ ಬಲ್ಲವರು ಆಸ್ಥಾನದ ಮಾರ್ತಾಂಡ ಪಂಡಿತರೊಬ್ಬರೇ ಅಂತ ಊರೆಲ್ಲ ನಂಬಿತ್ತು. ತಮ್ಮನ್ನು ಕೇಳದೆ ಹುಲ್ಲುಕಡ್ಡಿಯೂ ಅಲ್ಲಾಡಬಾರದು ಅಂತ ಕಂಪೈಲರನ್ನು ಹಾಗೆ ಮಾಡಿಟ್ಟವರೂ ಅವರೇ.

ಒಂದು ಮಳೆಗಾಲ ಕೆರೆ ತುಂಬಿ ತುಳುಕಿತು. ಏರಿ ಒಡೆದರೆ ಕೆಳಗಿನ ಬೆಸ್ತರ ಕೇರಿಯೇ ಇಲ್ಲ. ಕೆಂಚವ್ವ ಅವಸರದಲ್ಲಿ ಹೊಸ ಪ್ರೋಗ್ರಾಂ ಬರೆದಳು.

"ಬಗೆ ಕೂಡಲಿಲ್ಲ" ಅಂತು ಕಂಪೈಲರ್.

ಪಂಡಿತರ ಮನೆಗೆ ಓಡಿದಳು. "ಊಟಕ್ಕೆ ಕೂತಿದ್ದಾರೆ" ಅಂದರು. ಮತ್ತೆ ಓಡಿದಳು. "ಎಲೆಅಡಿಕೆ ಹಾಕ್ಕೊಳ್ತಿದ್ದಾರೆ." ಮೂರನೇ ಸಲ ಓಡಿದಳು. "ಮಲಗಿದ್ದಾರೆ!"

ಕೆಂಚವ್ವ ಸೆರಗು ಬಿಗಿದು ಕೂತಳು. ಕಂಪೈಲರಿನ ಒಳಗನ್ನೇ ಬಿಚ್ಚಿ ಓದಿದಳು. "ಅಯ್ಯೋ, ತಪ್ಪೆಲ್ಲಿದೆ ಅಂತ ಇದಕ್ಕೆ ಚೆನ್ನಾಗಿ ಗೊತ್ತು! ಹೇಳೋಕೆ ಬಾಯಿ ಕೊಟ್ಟಿಲ್ಲ ಅಷ್ಟೆ."

ತಾನೇ ಬಾಯಿ ಕೊಟ್ಟಳು. ಆಗ ಅದು ಅಂತು: "ಹನ್ನೆರಡನೇ ಸಾಲು ನೋಡವ್ವ. ಇಲ್ಲಿ ನೀರಿನ ಎತ್ತರ ಬೇಕು, ಅಂದರೆ ಅಂಕಿ. ನೀನು ಕೊಟ್ಟದ್ದು ಕೆರೆಯ ಹೆಸರು."

ತಿದ್ದಿದಳು. ತೂಬು ತೆರೆಯಿತು. ಕೇರಿ ಉಳಿಯಿತು.

ಪಂಡಿತರು ಕೆಂಡವಾಗಿ ಆಸ್ಥಾನದಲ್ಲಿ ದೊರೆಗೆ ದೂರು ಕೊಟ್ಟರು. "ದೊರೆ, ಇವಳು ಶಾಸ್ತ್ರ ಕೆಡಿಸಿದಳು! ಹಳೆ ಮಾತೇ ಇರಲಿ."

ಕೆಂಚವ್ವ ಕೈಮುಗಿದಳು. "ಆಗಲಿ ದೊರೆ. ಪಂಡಿತರೇ ಒಂದು ಪ್ರೋಗ್ರಾಂ ಬರೆದು, ಹಳೆ ಮಾತು ಕೇಳಿಕೊಂಡೇ ತಿದ್ದಿ ತೋರಿಸಲಿ."

ಪಂಡಿತರು ಜಂಬದಿಂದ ಬರೆದರು. ಕಂಪೈಲರ್ ತಡೆಯಿತು. ಒಂದು ಸಲ ತಿದ್ದಿದರು, ಬಗೆ ಕೂಡಲಿಲ್ಲ. ಎರಡು ಸಲ ತಿದ್ದಿದರು, ಕೂಡಲಿಲ್ಲ. ಮೂರನೇ ಸಲಕ್ಕೆ ಪೇಟ ತೆಗೆದು ಬೆವರು ಒರೆಸಿಕೊಂಡರು. ಇಷ್ಟು ವರ್ಷ ಊಹೆ ಮೇಲೇ ಕಾಲ ಹಾಕಿದ್ದು ಬಯಲಾಯ್ತು.

ಕೆಂಚವ್ವ ಕಂಪೈಲರಿಗೆ ತನ್ನ ಹೊಸ ಮಾತು ಹಾಕಿದಳು. ಜನ್ಮದಲ್ಲಿ ಒಂದು ಸಾಲೂ ಬರೆಯದ ದೊರೆ ಬಗ್ಗಿ ಓದಿದ: "ಐದನೇ ಸಾಲು. ತೂಬಿನ ಬಾಗಿಲು ಎಷ್ಟು ಅಂತ ಕೇಳಿದರೆ 'ಹೌದು' ಅಂದಿದ್ದೀರಿ."

ದೊರೆ ಹೊಟ್ಟೆ ಹಿಡಿದು ನಕ್ಕ. "ಪಂಡಿತರೇ, ಇದು ನನಗೂ ತಿಳೀತಲ್ರೀ!"

ಆಸ್ಥಾನದ ದೊಡ್ಡ ಪೀಠ ಕೆಂಚವ್ವನದಾಯ್ತು. ಪಂಡಿತರು ಅವಳ ಹತ್ತಿರವೇ ಪಾಠಕ್ಕೆ ಕೂತರು. ಅವಳು ಹಂಗಿಸದೆ ಕಲಿಸಿದಳು.

ಮಕ್ಕಳೇ, ತಪ್ಪು ತಪ್ಪು ಅಂತ ಯಾರು ಬೇಕಾದರೂ ಕೂಗಬಹುದು. ತಪ್ಪು ಎಲ್ಲಿದೆ, ತಿದ್ದೋದು ಹೇಗೆ ಅಂತ ತಿಳಿಯೋ ಹಾಗೆ ಹೇಳಿದವರೇ ನಿಜವಾದ ಜಾಣರು.