ನಡುವೆ ಕೂತ ಗುಡಾಣ

ಕುಂಬಾರ ಭರಮಪ್ಪನ ಗುಡಾಣವೆಂದರೆ ಅಂತಿಂಥದ್ದಲ್ಲ. ಅದರೊಳಗೆ ಬಿದ್ದ ಬೆಕ್ಕು ಒಮ್ಮೆ ಮಿಯಾಂವ್ ಅಂದರೆ, ಹೊಳೆಯಾಚೆ ಊರಿನವರು ಹುಲಿ ಬಂತೆಂದು ಕದ ಹಾಕಿಕೊಳ್ಳುತ್ತಿದ್ದರು.

ಚಕ್ರದ ಮೇಲೆ ಮಣ್ಣೆತ್ತುವವನು ಅವನು. ಹಲಗೆಯಿಂದ ತಟ್ಟಿ ತಟ್ಟಿ ಅದಕ್ಕೆ ಹೊಟ್ಟೆ ಬರಿಸುವವಳು ಹೆಂಡತಿ ಹಾಲವ್ವ.

ಅಂಥ ಮನೆಯಲ್ಲಿ ಗಂಡಹೆಂಡಿರ ಮಾತು ನಿಂತು, ಚಕ್ರವೂ ನಿಂತುಹೋಯಿತು. ಹಾಲವ್ವ ತವರಿಗೆ ಹೊರಡಲು ಬುತ್ತಿಗಂಟು ಕಟ್ಟಿದಳು.

ಭರಮಪ್ಪ ಅವಳನ್ನು ಗಂಟಿನ ಸಮೇತ ಹೊಳೆದಂಡೆಯ ಮಠಕ್ಕೆ, ತನ್ನ ಗುರು ಅಜ್ಜಯ್ಯನವರ ಬಳಿಗೆ ಕರೆತಂದ.

"ಅಜ್ಜಯ್ಯ, ಇನ್ನು ಗುಡಾಣ ಬೇಡ, ಹಣತೆ ಮಾಡೋಣ ಅಂದೆ. ಅಷ್ಟಕ್ಕೇ ಹೊರಟಿದಾಳೆ. ನೀವೇ ಹೇಳಿ ಅವಳಿಗೆ."

ಹಾಲವ್ವ ಗೋಡೆಗೆ ಮುಖ ಮಾಡಿದಳು. "ಹಣತೆಗೆ ಹಲಗೆ ಬೇಡ. ಹಲಗೆ ಬೇಡದ ಮನೇಲಿ ನನಗೇನು ಕೆಲಸ? ಅವರನ್ನೇ ಕೇಳಿ."

"ನೀನು ಬೇಡ ಅಂತ ನಾನೆಲ್ಲಿ ಅಂದೆ ಅಂತ ಕೇಳಿ ಅಜ್ಜಯ್ಯ."

ಅಜ್ಜಯ್ಯ ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿ ಕತ್ತು ನೀವಿಕೊಂಡರು. "ಇಷ್ಟು ದಿನ ಯಾರ ಕೈಲಿ ಹೇಳಿಸ್ತಿದ್ದೆ?"

"ಪಕ್ಕದ ಮನೆ ದ್ಯಾಮವ್ವನ ಕೈಲಿ."

"ಸರಿಯಾಗಿ ಮುಟ್ಟಿಸಿದಳಾ?"

"ಒಂದಿಷ್ಟು ಒಗ್ಗರಣೆ ಹಾಕಿ ಮುಟ್ಟಿಸಿದಳು."

"ಒಗ್ಗರಣೆ ಹಾಕದವರನ್ನ ಕೂರಿಸ್ತೀನಿ ತಡಿ."

ಮೂಲೆಯಲ್ಲಿದ್ದ ಖಾಲಿ ಗುಡಾಣವನ್ನು ಎಳೆತಂದು ಇಬ್ಬರ ನಡುವೆ ಇಟ್ಟರು. ಅದು ಭರಮಪ್ಪನ ಮನೆಯಲ್ಲೇ ಆದದ್ದು. ಅದರ ಕತ್ತಿಗೆ ತಮ್ಮ ಶಾಲು ಸುತ್ತಿದರು.

"ಇದಕ್ಕೆ ಹೇಳಿ, ದಾಟಿಸುತ್ತೆ. ನಾನು ಸ್ನಾನ ಮಾಡಿ ಬರ್ತೀನಿ."

ಅಜ್ಜಯ್ಯನವರ ಸ್ನಾನವೆಂದರೆ ಹೊಳೆಯ ಮೀನು ಮರಿಮಕ್ಕಳ ಮುಖ ನೋಡುವಷ್ಟು ಹೊತ್ತು.

ಭರಮಪ್ಪ ಗುಡಾಣವನ್ನು ನೋಡಿದ. ಹೊಟ್ಟೆಯ ತುಂಬ ಅವಳ ಹಲಗೆಯ ಗುರುತು. ಬಾಯಿಗೆ ಬಗ್ಗಿದ.

"ಏ ಗುಡಾಣ, ಅವಳಿಗೆ ಹೇಳು. ಕದ್ದುಮುಚ್ಚಿ ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳೋದು ನನಗೆ ಕಾಣಲ್ಲ ಅಂದುಕೊಂಡಿದಾಳೆ. ತಟ್ಟೋದು ತಪ್ಪಲಿ ಅಂತಲೇ ಹಣತೆ ಅಂದೆ."

ಗುಡಾಣ ಗುಂಯ್ ಎಂದು ಸುಮ್ಮನಾಯಿತು.

ಹಾಲವ್ವ ಗೋಡೆ ಬಿಟ್ಟು ಇತ್ತ ತಿರುಗಿದಳು. ಅವಳೂ ಬಗ್ಗಿದಳು.

"ಏ ಗುಡಾಣ, ಇವರಿಗೆ ಹೇಳು. ಯಾರಾದರೂ ನಿನ್ನ ಹೊಗಳಿದರೆ ಈ ಮನುಷ್ಯ ವಾರಗಟ್ಟಲೆ ಕುಣೀತಾರೆ. ಆ ಕುಣಿತ ನಿಲ್ಲಬಾರದು ಅಂತ ನಾನು ನೋವಿನ ಬಗ್ಗೆ ಬಾಯಿ ಬಿಡಲಿಲ್ಲ."

"ನಾನು ಯಾವತ್ತು ಕುಣಿದೆ?" ಭರಮಪ್ಪ ಗುಡಾಣವನ್ನು ಬಿಟ್ಟು ಅವಳನ್ನೇ ಕೇಳಿದ.

"ಹೋದ ಸಂತೇಲಿ. ಪಂಚೆ ಬಿಚ್ಚಿಹೋದದ್ದೂ ಗೊತ್ತಾಗಲಿಲ್ಲ ನಿಮಗೆ."

ಭರಮಪ್ಪನಿಗೆ ನಗು ತಡೆಯಲಾಗಲಿಲ್ಲ. "ಹಾಗಾದರೆ ತಟ್ಟೋದು ನನಗೆ ಕಲಿಸು."

"ನಿಮ್ಮ ಕೈ ಒರಟು. ಒಡೆದು ಹಾಕ್ತೀರಿ."

"ಒಡೆದರೆ ಮಣ್ಣಿಗೇನು ಬರವಾ? ನೀನು ಚಕ್ರಕ್ಕೆ ಕೂತು ಹಣತೆ ಎತ್ತು."

"ಹೆಂಗಸು ಚಕ್ರ ಮುಟ್ಟೋದಾ? ನಮ್ಮ ಕುಲದಲ್ಲಿ ಯಾರು ಮುಟ್ಟಿದಾರೆ?"

"ನಮ್ಮ ಕುಲದಲ್ಲಿ ಗುಡಾಣದ ಹತ್ತಿರ ಮಾತಾಡಿದವರು ಯಾರಿದಾರೆ?"

ಅಜ್ಜಯ್ಯ ಮರಳಿದಾಗ ಬುತ್ತಿಗಂಟು ಬಿಚ್ಚಿತ್ತು. ಇಬ್ಬರೂ ಎದುರುಬದುರು ಕೂತು ರೊಟ್ಟಿ ಮುರಿಯುತ್ತಿದ್ದರು. ಗುಡಾಣ ಮೂಲೆ ಸೇರಿತ್ತು.

"ಅಜ್ಜಯ್ಯ, ನೀವು ಕೂರಿಸಿದ್ದು ಒಂದು ಮಾತನ್ನೂ ದಾಟಿಸಲಿಲ್ಲ" ಎಂದ ಭರಮಪ್ಪ.

ಅಜ್ಜಯ್ಯ ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಅದಕ್ಕೇ ಅದನ್ನ ಕೂರಿಸಿದ್ದು."