ಹಿಂದೆ ಸರಿದು ಹಾರುವವನು

"ಗುರುಗಳೇ, ಅಣ್ಣನ ಹತ್ತಿರ ದಿನಾ ಮನಸ್ಸಿನಲ್ಲೇ ತಪ್ಪಾಯಿತು ಅನ್ನುತ್ತೇನೆ. ಅವನೂ ಮನಸ್ಸಿನಲ್ಲೇ ಬಂದು ನನ್ನ ಬೆನ್ನು ತಟ್ಟುತ್ತಾನೆ. ಅಷ್ಟು ಸಾಲದೇ? ಅವನಿರುವ ಕಂಪ್ಲಿಯವರೆಗೆ ಹೋಗಲೇಬೇಕೇ?" ಎಂದು ಚನ್ನವೀರ ಕೇಳಿದ.

ಅಣ್ಣನೊಡನೆ ಮಾತು ಬಿಟ್ಟು ಮಠಕ್ಕೆ ಬಂದು ಸೇರಿದ್ದ ಶಿಷ್ಯ ಅವನು. ಗುರುಗಳು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕೈ ನಿಲ್ಲಿಸದೆ, "ಒಂದು ಕತೆ ಹೇಳ್ತೀನಿ. ಪುರಾಣದ್ದಲ್ಲ, ವಿಡಿಯೊ ಗೇಮಿನದು. ಮೂಗು ಮುರಿಯಬೇಡ," ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಕಂಪ್ಯೂಟರ್ ರಿಪೇರಿಯವನಿದ್ದ. ಅವನಿಗೊಬ್ಬ ಗೆಳೆಯ. ಚಿಕ್ಕಂದಿನಲ್ಲಿ ಇಬ್ಬರೂ ಟೀವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆಯ ಮುಂದೆ ಊಟ ತಿಂಡಿ ಮರೆತು ಕೂರುತ್ತಿದ್ದರು. ಇದ್ದದ್ದು ಎರಡೇ ಕ್ಯಾಸೆಟ್, ಎರಡೂ ಒಂದೇ ಕಂಪನಿಯವು. ಒಂದರಲ್ಲಿ ಹಗ್ಗ ಹಿಡಿದು ಬೆಟ್ಟ ಏರುವ ವೀರ, ಇನ್ನೊಂದರಲ್ಲಿ ಹೊಳೆಯಲ್ಲಿ ಈಜುವ ವೀರ. ರಿಪೇರಿಯವನಿಗೆ ಹಗ್ಗದವನು ಇಷ್ಟ, ಗೆಳೆಯನಿಗೆ ಈಜುವವನು. ಯಾವ ಕ್ಯಾಸೆಟ್ ಹಾಕಬೇಕೆಂದು ದಿನಾ ಜಗಳ. "ಇಬ್ಬರೂ ಒಂದೇ ಆಟದಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು," ಎಂದು ಗೆಳೆಯ ಹೇಳುತ್ತಿದ್ದ. ಅವನಿಗೊಂದು ಅಭ್ಯಾಸ. ಆಟದಲ್ಲಿ ಗುಂಡಿ ಬಂದರೆ ಅಂಚಿನವರೆಗೆ ಹೋಗಿ ನಿಲ್ಲುವನು. ತುಸು ಹಿಂದೆ ಸರಿಯುವನು. ಆಮೇಲೆ ಹಾರುವನು. ಹಾರದೆ ವಾಪಸು ಬಂದದ್ದು ಮಾತ್ರ ಒಮ್ಮೆಯೂ ಇಲ್ಲ.

ಇಬ್ಬರೂ ದೊಡ್ಡವರಾದರು. ಗೆಳೆಯನ ಮದುವೆಯಲ್ಲಿ ಬೀಗರೆಲ್ಲ ಊಟಕ್ಕೆ ಕೂತಿದ್ದಾಗ ರಿಪೇರಿಯವನು ತಮಾಷೆ ಮಾಡಿದ. "ನಿಮ್ಮ ಅಳಿಯ ಆಟದ ಗುಂಡಿ ಕಂಡರೂ ಹಿಂದೆ ಸರಿಯೋ ಪುಕ್ಕಲ. ಸಂಸಾರ ಹೇಗೆ ದಾಟ್ತಾನೋ ನೋಡ್ಕೊಳ್ಳಿ," ಎಂದ. ಪಂಕ್ತಿಯೆಲ್ಲ ನಕ್ಕಿತು. ಗೆಳೆಯ ನಗಲಿಲ್ಲ. ಹೆಂಡತಿಯ ಊರಿನಲ್ಲೇ ಅಂಗಡಿ ಇಟ್ಟು ಬದುಕಬೇಕಾದವನು, ಆ ನಗೆಯನ್ನು ಎಷ್ಟು ಕಾಲ ಕೇಳಿಸಿಕೊಂಡನೋ ಏನೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹಾಗಾಯಿತು. ಇಬ್ಬರ ನಡುವೆ ಮಾತು ನಿಂತಿತು.

ಬಸ್ ಹತ್ತಿದರೆ ಅರ್ಧ ದಿನದ ದಾರಿ. ಹೋಗಿ, ತಪ್ಪಾಯಿತು ಮಾರಾಯ ಎಂದಿದ್ದರೆ ಮುಗಿಯುತ್ತಿತ್ತು. ನಮ್ಮವನು ಹೋಗಲಿಲ್ಲ. ಗೆಳೆಯ ಬಯಸಿದ್ದ ಆಟವನ್ನು ತಾನೇ ಕಟ್ಟಿ, ಅದನ್ನು ಹಿಡಿದುಕೊಂಡೇ ಹೋಗುತ್ತೇನೆ ಎಂದುಕೊಂಡ. ಬರಿಗೈಯಲ್ಲಿ ಹೋಗುವುದಕ್ಕೆ ನಾಚಿಕೆ.

ವರ್ಷಗಟ್ಟಲೆ ಕೂತು ಕಟ್ಟಿದ. ಆ ಹಳೆಯ ವೀರರನ್ನೇ, ಆ ಹಳೆಯ ಚೌಕ ಚೌಕ ಚಿತ್ರದಲ್ಲೇ ತಂದ. ಹಗ್ಗದವನು ಎಳೆದುಕೊಳ್ಳದೆ ಈಜುವವನು ಬೆಟ್ಟ ಹತ್ತಲಾರ. ಈಜುವವನು ಹೊರದೆ ಹಗ್ಗದವನು ಹೊಳೆ ದಾಟಲಾರ. ಇಬ್ಬರು ಕೂತರೆ ಮಾತ್ರ ಆಗುವ ಆಟ. ಪಕ್ಕದಲ್ಲಿ ಇನ್ನೊಬ್ಬನಿಲ್ಲ, ಏನು ಮಾಡಬೇಕು? ಬಲಗೈಗೊಂದು ರಿಮೋಟು, ಎಡಗೈಗೊಂದು ರಿಮೋಟು ಹಿಡಿದು ತಾನೇ ಇಬ್ಬರಾಗಿ ಆಡಿ ನೋಡುತ್ತಿದ್ದ. ಎಡಗೈ ತಪ್ಪಿದಾಗಲೆಲ್ಲ ಗೆಳೆಯ ನೆನಪಾಗುತ್ತಿದ್ದ.

ಆಟದ ತುಣುಕೊಂದನ್ನು ಇಂಟರ್ನೆಟ್ಟಿನಲ್ಲಿ ಹಾಕಿದ್ದ. ಅದು ಹೇಗೋ ಕಂಪನಿಯ ಕಣ್ಣಿಗೆ ಬಿತ್ತು. ವೀರರು ಕಂಪನಿಯ ಸೊತ್ತು, ಇವನು ಕೇಳದೆ ತೆಗೆದುಕೊಂಡವನು. ಫೋನ್ ಬಂದಾಗ, ಇನ್ನು ಮುಗಿಯಿತು ಕತೆ, ಆಟ ಅಳಿಸಿಹಾಕು ಅನ್ನುತ್ತಾರೆ ಎಂದು ಹೆದರಿದ. ಫೋನಿನಲ್ಲಿದ್ದ ಹೆಣ್ಣುಮಗಳು ಹೇಳಿದ್ದು ಬೇರೆ.

"ಇಷ್ಟು ಪ್ರೀತಿಯಿಂದ ನಾವೂ ಮಾಡಿರಲಿಲ್ಲ. ನೀವು ಮುಗಿಸಿ, ನಮ್ಮ ಹೆಸರಿನಲ್ಲೇ ಎಲ್ಲರಿಗೂ ಹಂಚುತ್ತೇವೆ. ಒಂದೇ ಒಂದು ಮಾತು. ಆಡುವವರಲ್ಲಿ ಎಷ್ಟೋ ಜನಕ್ಕೆ ಜೊತೆ ಇರೋದಿಲ್ಲ. ಎರಡನೆಯವನನ್ನು ಯಂತ್ರವೇ ಆಡಿಸೋ ಹಾಗೆ ಮಾಡಿಕೊಡಿ."

ನ್ಯಾಯವಾದ ಮಾತು. ಅವನು ಒಪ್ಪಿದ. ಆದರೆ ಯಂತ್ರ ಯಾರ ಹಾಗೆ ಆಡಬೇಕು? ಅವನಿಗೆ ಗೊತ್ತಿದ್ದ ಜೊತೆಗಾರ ಒಬ್ಬನೇ. ಈಜುವವನಿಗೆ ಗೆಳೆಯನ ಆಟವನ್ನೇ ಕಲಿಸಿದ. ಕೆಲಸ ಮುಗಿದ ದಿನ ಎಡಗೈಯ ರಿಮೋಟನ್ನು ಕೆಳಗಿಟ್ಟು ನೋಡಿದ. ಈಜುವವನು ತಾನಾಗಿ ಗುಂಡಿಯ ಅಂಚಿಗೆ ಹೋದ. ನಿಂತ. ತುಸು ಹಿಂದೆ ಸರಿದ. ಹಾರಿದ. ರಿಪೇರಿಯವನು ಬಿಕ್ಕಿ ಬಿಕ್ಕಿ ಅತ್ತ.

ಕಟ್ಟಿದವನ ಹೆಸರೂ ಅಚ್ಚಾದ ಡಬ್ಬಿಯಲ್ಲಿ ಆಟ ದೇಶ ದೇಶಕ್ಕೆ ಹೋಯಿತು. ಈಜುವವನು ಯಾಕೆ ಹೀಗೆ ಹಿಂದೆ ಸರಿಯುತ್ತಾನೆ, ಸರಿಮಾಡಿ ಎಂದು ಆಡಿದವರು ತಕರಾರು ತೆಗೆದರು. ಇವನು ಮಾಡಲಿಲ್ಲ. ಎರಡನೆಯ ರಿಮೋಟಿಗೆ ವೈರು ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದ. ದಿನಾ ಸಂಜೆ ಗೆಳೆಯನ ಜೊತೆ ಆಡುತ್ತಿದ್ದ. ಅವನ ಊರಿಗೆ ಹೋಗುವ ಮಾತು ನಾಳೆಗೆ, ಮತ್ತೊಂದು ನಾಳೆಗೆ ಹೋಯಿತು. ಅವಸರವೇನಿದೆ?

ಗುರುಗಳು ಸಿಪ್ಪೆಯನ್ನು ಒತ್ತಟ್ಟಿಗೆ ತಳ್ಳಿದರು. "ಕೇಳ್ತಿದ್ದೀಯೋ, ಇಲ್ಲಾ ಕಂಪ್ಲಿಯಲ್ಲಿದ್ದೀಯೋ?" ಎಂದರು. ಚನ್ನವೀರ ತಲೆ ಆಡಿಸಿದ.

ಒಂದು ದಿನ ಎದುರು ಮನೆಯ ಹೂವಿನ ಅಜ್ಜಿ ರಿಪೇರಿಯವನನ್ನು ತಡೆದು ನಿಲ್ಲಿಸಿದಳು. "ನಿನ್ನೆ ಸಂಜೆ ಯಾರೋ ನಿನ್ನ ಬಾಗಿಲಿಗೆ ಬಂದಿದ್ದರಪ್ಪ. ಕೈಯಲ್ಲಿ ನಿನ್ನ ಆಟದ ಡಬ್ಬಿ ಇತ್ತು. ಚಪ್ಪಲಿ ಬಿಟ್ಟರು. ಒಳಗೆ ನೀನು ಟೀವಿ ಕಡೆ ಮುಖಮಾಡಿ ಕೂತು, ಹೆದರಬೇಡವೋ, ನಾನಿದ್ದೀನಿ, ಹಾರು ಅಂತ ನಗ್ತಾ ಇದ್ದೆ. ಅವರು ಹೊಸ್ತಿಲ ಹತ್ತಿರ ಬಹಳ ಹೊತ್ತು ನಿಂತರು. ಆಮೇಲೆ ತುಸು ಹಿಂದೆ ಸರಿದರು. ಇನ್ನೇನು ಒಳಗೆ ಬಂದೇಬಿಟ್ಟರು ಅಂದುಕೊಂಡೆ. ಚಪ್ಪಲಿ ಮೆಟ್ಟಿಕೊಂಡು ಹೋಗೇಬಿಟ್ಟರು."

ರಿಪೇರಿಯವನು ಬಸ್ ನಿಲ್ದಾಣಕ್ಕೆ ಓಡಿದ. ಹಿಂದಿನ ದಿನ ಹೋದ ಬಸ್ಸು ಅಲ್ಲಿ ನಿಂತಿರುತ್ತದೆಯೇ? ಬೆಂಚಿನ ಮೇಲೆ ಕೂತ. ಗೆಳೆಯನ ಊರಿನ ಬಸ್ಸು ಬಂತು, ಹೊರಟಿತು. ಅವನು ಹತ್ತಲಿಲ್ಲ.

ಅವರೆಕಾಯಿ ಮುಗಿದಿತ್ತು. ಚನ್ನವೀರನಿಗೆ ತಡೆಯಲಾಗಲಿಲ್ಲ. "ಅಷ್ಟು ದೂರ ಬಂದವನು ಬಾಗಿಲಲ್ಲಿ ನಿಂತು ಒಂದು ಸಲ ಕೂಗಬಾರದಿತ್ತೇ, ಗುರುಗಳೇ?"

ಗುರುಗಳು ಕಾಳಿನ ಬುಟ್ಟಿ ಎತ್ತಿಕೊಂಡು ಎದ್ದರು.

"ನಿನ್ನ ಮನಸ್ಸಿನಲ್ಲಿ ಕೂತಿರುವ ಅಣ್ಣ ಎದ್ದು ಜಾಗ ಬಿಟ್ಟರಲ್ಲವೇನಪ್ಪ, ಕಂಪ್ಲಿಯ ಅಣ್ಣ ಬಂದು ಕೂರುವುದು?"