ಅತ್ತಿಮರದ ಪೊಟರೆ ಕಾದ ನರಿ

ಚರ್ಚಿನ ಗಂಟೆ ಕೇಳಿಸುವಷ್ಟು ದೂರದ ಒಂದು ಕಾಡಿನಲ್ಲಿ ಪ್ರಾಣಿಗಳೂ ತಪಸ್ಸುಕಾಲ ಆಚರಿಸುತ್ತಿದ್ದವು. ಯೇಸುಸ್ವಾಮಿ ಮರುಭೂಮಿಯಲ್ಲಿ ನಲವತ್ತು ದಿನ ಉಪವಾಸವಿದ್ದರೆಂದು ಊರಿನವರಿಂದ ಕೇಳಿ ಕಲಿತ ಪದ್ಧತಿ ಅದು. ಪ್ರತಿಯೊಂದು ಪ್ರಾಣಿಯೂ ತನ್ನ ಆಹಾರದಲ್ಲಿ ದಿನಕ್ಕೊಂದು ಪಾಲು ಬಿಡುತ್ತಿತ್ತು. ಬಿಟ್ಟ ಪಾಲನ್ನು ಹಳೆಯ ಅತ್ತಿಮರದ ಪೊಟರೆಯಲ್ಲಿ ಇಡುತ್ತಿತ್ತು. ಮುದಿಯಾದವರು, ಕಾಲು ಮುರಿದವರು, ಎಳೆಮರಿ ಇದ್ದವರು ಸಂಜೆ ಬಂದು ಅದನ್ನು ತಿನ್ನುತ್ತಿದ್ದರು.

ಪೊಟರೆಗೆ ಹೆಗ್ಗಣಗಳ ಕಾಟವಿತ್ತು. ಒಬ್ಬರು ಕಾವಲು ಕೂರಬೇಕಾಗಿತ್ತು. ತಪಸ್ಸುಕಾಲದ ಮೊದಲ ದಿನ, ಹಣೆಗೆ ಬೂದಿ ಇಟ್ಟುಕೊಳ್ಳುವ ಬೂದಿ ಬುಧವಾರದ ಬೆಳಿಗ್ಗೆ, ಎಲ್ಲರೂ ಮರದಡಿ ಸೇರಿದರು.

ನರಿ ಮುಖದ ತುಂಬ ಬೂದಿ ಬಳಿದುಕೊಂಡು ಬಂತು. "ನಾನು ಕಾಯುತ್ತೇನೆ. ನಲವತ್ತು ದಿನ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ತಿನ್ನದವನ ಕೈಯಲ್ಲಿ ಊಟ ಇದ್ದರೆ ಒಳ್ಳೆಯದಲ್ಲವೇ?" ಎಂದಿತು.

ಮೊಲ ಕರಡಿಯ ಕಡೆ ತಿರುಗಿ, "ಕರಡಿಯಣ್ಣ, ಈ ಸಲ ನೀನೇನು ಬಿಡುತ್ತೀಯ?" ಎಂದು ಕೇಳಿತು.

"ಏನೋ ಒಂದಿಷ್ಟು" ಎಂದಿತು ಕರಡಿ.

"ಆ ಹೊಟ್ಟೆ ನೋಡಿದರೆ ಉತ್ತರ ಸಿಗುತ್ತದೆ ಬಿಡು" ಎಂದಿತು ನರಿ. ಎಲ್ಲರೂ ನಕ್ಕರು. ಕರಡಿಯೂ ನಕ್ಕಿತು. ಕಾವಲು ನರಿಯದಾಯಿತು.

ನರಿಯ ಲೆಕ್ಕಾಚಾರ ಸರಳವಾಗಿತ್ತು. ಎಲ್ಲರೂ ಮನೆಗೆ ಹೋಗುತ್ತಾರೆ. ಪೊಟರೆ ತುಂಬ ಎಲಚಿಹಣ್ಣು, ಗೆಣಸು, ಜೇನು ಇರುತ್ತದೆ. ಆಮೇಲೆ ನೋಡುವವರು ಯಾರು?

ಆದರೆ ನರಿಗೆ ಹೊಗಳಿಕೆಯೂ ಬೇಕಾಗಿತ್ತು. ಬಂಡೆ ಹತ್ತಿ ತನ್ನ ಉಪವಾಸದ ಸುದ್ದಿಯನ್ನು ಮೂರು ಸಲ ಕೂಗಿತು. ಸುದ್ದಿ ಆಚೆ ಗುಡ್ಡಕ್ಕೂ ಮುಟ್ಟಿತು. ಅಂಥ ತಪಸ್ವಿಯನ್ನು ನೋಡಲು ಪ್ರಾಣಿಗಳು ಬರತೊಡಗಿದವು. ಹಗಲಿಡೀ ಜಿಂಕೆ, ಮೊಲ, ನವಿಲುಗಳು ಕೂತು ನೋಡಿದವು. ಅವು ಏಳುವ ಮೊದಲೇ ಮುಳ್ಳುಹಂದಿ, ಪುನುಗುಬೆಕ್ಕು, ಗೂಬೆಗಳು ಬಂದವು. ಗೂಬೆಯಂತೂ ಬೆಳಗಾಗುವವರೆಗೆ ಕಣ್ಣು ಮಿಟುಕಿಸಲಿಲ್ಲ. ಅವು ಏಳುವ ಮೊದಲು ಮತ್ತೆ ಜಿಂಕೆಗಳು ಬಂದವು.

"ನಿಮಗೆಲ್ಲ ಕೆಲಸವಿಲ್ಲವೇ?" ಎಂದು ನರಿ ಕೇಳಿತು.

"ಇದೆ. ಆದರೆ ಮಕ್ಕಳು ನೋಡಲಿ ಅಂತ ಕರೆತಂದೆ" ಎಂದಿತು ಒಂದು ಜಿಂಕೆ.

ನರಿಯ ಬೆನ್ನ ಹಿಂದೆಯೇ ಹಣ್ಣಿನ ವಾಸನೆ. ಮುಂದೆ ನೂರು ಕಣ್ಣು. ಹೀಗೆ ಐದು ದಿನ ಕಳೆದವು. ನರಿಯ ಪಕ್ಕೆಲುಬು ಕಾಣತೊಡಗಿತು. ಅದು ಒಮ್ಮೆ ಕೂತಲ್ಲೇ ಒಂದು ಕಡೆಗೆ ವಾಲಿತು. "ಮುಟ್ಟಬೇಡಿ, ಧ್ಯಾನದಲ್ಲಿದ್ದಾರೆ" ಎಂದು ನವಿಲು ಪಿಸುಗುಟ್ಟಿತು.

ಆರನೆಯ ಸಂಜೆ ಕೋತಿ ಅಜ್ಜಿ ತನ್ನ ಪಾಲಿಗೆ ಬಂತು. ಆಗ ಕರಡಿಯೂ ಮರದಡಿಯಲ್ಲಿತ್ತು. ಅದಕ್ಕೆ ಕಣ್ಣು ಮಂಜು. ನರಿ ಎಲಚಿಹಣ್ಣು ಕೊಡುವಾಗ ಅಜ್ಜಿ ಅದರ ಕೈಯನ್ನೇ ಹಿಡಿಯಿತು.

"ಕೈ ಯಾಕೆ ನಡುಗುತ್ತಿದೆ ನರಿಯಪ್ಪ?"

"ಭಕ್ತಿಗೆ, ಅಜ್ಜಿ."

"ಭಕ್ತಿಗೆ ನಡುಗುವ ಕೈ ನಾನು ಕಂಡಿಲ್ಲ. ಹಸಿವಿಗೆ ನಡುಗುವ ಕೈ ಗೊತ್ತು. ಹೋದ ವರ್ಷ ನನ್ನದೂ ಹೀಗೇ ನಡುಗುತ್ತಿತ್ತು. ಅವತ್ತಿನಿಂದ ಕರಡಿ ತನ್ನ ಜೇನನ್ನೆಲ್ಲ ಇಲ್ಲಿಗೇ ತಂದಿಡುತ್ತದೆ. ಯಾರಿಗೂ ಹೇಳಬೇಡ ಅಂದಿತ್ತು. ಬಾಯಿ ತಪ್ಪಿತು."

ಕರಡಿ ನೆಲ ನೋಡಿತು. ಉಳಿದವರು ಕರಡಿಯನ್ನು ನೋಡಿದರು.

ಅಜ್ಜಿ ತನ್ನ ಹಣ್ಣುಗಳಲ್ಲಿ ಅರ್ಧವನ್ನು ನರಿಯ ಮುಂದೆ ಇಟ್ಟಿತು. "ತಿನ್ನು."

"ನನಗೆ ಹಸಿವಿಲ್ಲ" ಎಂದಿತು ನರಿ.

"ಈ ಪೊಟರೆ ಇರುವುದು ಹಸಿದವರಿಗೆ. ಹಸಿವು ಅಂದರೆ ಸಾಕು. ಬೇರೆ ಏನೂ ಕೇಳುವುದಿಲ್ಲ."

ನರಿ ಸುತ್ತಲೂ ನೋಡಿತು. ಈಗ ತಿಂದರೆ ತಪಸ್ವಿಯ ಹೆಸರು ಹೋಗುತ್ತದೆ. ತಿನ್ನದಿದ್ದರೆ ಪ್ರಾಣವೇ ಹೋಗುತ್ತದೆ.

"ಅಜ್ಜಿ, ನನಗೆ ಹಸಿವಾಗಿದೆ" ಎಂದಿತು ಕೊನೆಗೆ. "ಇವನ್ನು ಕದ್ದು ತಿನ್ನಬೇಕೆಂದೇ ನಾನಿಲ್ಲಿ ಕೂತದ್ದು."

ನೋಡಲು ಬಂದಿದ್ದವರೆಲ್ಲ ಮಕ್ಕಳನ್ನು ಕರೆದುಕೊಂಡು ಒಬ್ಬೊಬ್ಬರಾಗಿ ಎದ್ದು ಹೋದರು. ಮರದಡಿ ಅಜ್ಜಿ, ಕರಡಿ, ನರಿ ಮಾತ್ರ ಉಳಿದರು.

"ಸರಿ, ಇನ್ನು ಕದಿಯುವ ಕಷ್ಟವಿಲ್ಲ" ಎಂದಿತು ಅಜ್ಜಿ. "ನಿಧಾನವಾಗಿ ತಿನ್ನು. ಖಾಲಿ ಹೊಟ್ಟೆ."

ನರಿ ತಲೆ ತಗ್ಗಿಸಿಕೊಂಡು ತಿಂದಿತು.

ನೀತಿ: ಜನ ನೋಡಲೆಂದು ಮಾಡುವ ಉಪವಾಸ ಬರೀ ಹಸಿವು. ನಾವು ಬಿಟ್ಟ ತುತ್ತು ಹಸಿದವರ ಬಾಯಿ ಸೇರಿದಾಗಲೇ ಅದು ದೇವರಿಗೆ ಸಲ್ಲುವ ಉಪವಾಸ.